ಮನೆಯೊಳಗಣ ಅತಿಚಾರ

ಅಹಿಂಸಾಣುವ್ರತಕ್ಕೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳನ್ನು ಹೇಳಿರುವರು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವನ್ನು ಎತ್ತು-ಕುದುರೆಗಳಿಗಷ್ಟೇ ಅನ್ವಯಿಸಿ ಓದುವವರು ಬಹಳ. ಸೊಸೆಯನ್ನು ಕೂಡಿಹಾಕುವುದು ಬಂಧವಲ್ಲವೆ? ವಧವೆಂದರೆ ಇಲ್ಲಿ ಕೊಲೆಯಲ್ಲ, ಹೊಡೆತ. ಮನೆಖರ್ಚಿನ ಹಣವನ್ನು ತಡೆಹಿಡಿಯುವುದು ಅನ್ನಪಾನನಿರೋಧವೇ ಸರಿ; ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಗಾಗಿ 2005ರಲ್ಲಿ ಆದ ಕಾಯಿದೆಯು ಅದನ್ನು ಆರ್ಥಿಕ ದೌರ್ಜನ್ಯವೆಂದು ಕರೆದಿದೆ.

ಕುಮಾರಪಟ್ಟಣದಂತಹ ಕಾರ್ಖಾನೆಯೂರಿನಲ್ಲಿ ಇತರ ಸಮಾಜದವರೊಡನೆ ಈ ವಿಷಯದ ಕಾರ್ಯಾಗಾರಕ್ಕೆ ಕೂಡಲಿರುವ ಶ್ರಾವಕ-ಶ್ರಾವಿಕೆಯರು ಮೊದಲು ಈ ಪಾಠವನ್ನು ಮಾಡಿಕೊಳ್ಳಬೇಕು. ಒಬ್ಬರ ಸುದ್ದಿ ಪಾಳಿ ಬದಲಾಗುವುದರೊಳಗೆ ಊರಿಗೆಲ್ಲ ಮುಟ್ಟುವಲ್ಲಿ, ಕೇಳಿದ್ದನ್ನು ಹೊರಗೆಡಹದಿರುವುದೂ ವ್ರತವೇ. ಹಿರಿಯರ ಅವಸರದ ರಾಜಿ ಶಾಂತಿಯಂತೆ ತೋರೀತು. ಆದರೆ ಪೆಟ್ಟು ತಿಂದವಳನ್ನು ಅದೇ ಕೈಗೆ ಮರಳಿ ಒಪ್ಪಿಸುವುದು ಹಿಂಸೆಗೆ ಅನುಮೋದನೆಯಾಗುತ್ತದೆ. ಸಮಂತಭದ್ರರು ಕೃತ-ಕಾರಿತಗಳೊಡನೆ ಅನುಮೋದನೆಯನ್ನೂ ತ್ಯಾಜ್ಯವೆಂದಿರುವರು. ವ್ಯಾಪಾರಸ್ಥರಿಗೆ ಕೋರ್ಟಿನ ಅಂಜಿಕೆ ಸಹಜ. ಆದರೆ ಸದುದ್ದೇಶದಿಂದ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯೂ ಬಾರದೆಂದು ಆ ಕಾಯಿದೆಯ 4ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ.