ಸೋಲಿನ ಅರಿವೂ ದಾಸೋಹವೇ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಗೆ ಬರವು ಹೊಸತಲ್ಲ. 1876-78ರ ಮಹಾಕ್ಷಾಮವು ಅಂದಿನ ಬಳ್ಳಾರಿ ಜಿಲ್ಲೆಯನ್ನು ಹಿಂಡಿದುದನ್ನು ಚರಿತ್ರೆ ಬಲ್ಲದು. ಬರವನ್ನು ಎದುರಿಸಲೆಂದು ಇಲ್ಲಿ ಕೆರೆಗಳ ಹೂಳೆತ್ತಿದ್ದಾರೆ, ಬದುಗಳನ್ನು ಹಾಕಿದ್ದಾರೆ, ಕೃಷಿಹೊಂಡಗಳನ್ನು ತೋಡಿದ್ದಾರೆ. ಆದರೆ ಈ ಕಾರ್ಯಗಳಿಂದ ಕಲಿತುದನ್ನು ಹೇಗೆ ಬರೆದಿಡಬೇಕು?

ಹಾಕಿದ ಬದುವಿನ ಉದ್ದವನ್ನು ಬರೆಯುವುದು ಸುಲಭ. ಮೂರು ಮಳೆಗಾಲ ಕಳೆದ ಮೇಲೆ ಅದು ಒಡೆದುದೇಕೆ ಎಂದು ಬರೆಯುವುದು ಕಠಿಣ; ಅಲ್ಲಿ ‘ನಾನು ಮಾಡಿದೆ’ನೆಂಬ ಅಹಂಕಾರವು ಅಡ್ಡ ಬರುವುದು. ಕೆರೆಗೆ ನೀರು ಬಂದಿತೆಂದು ಬರೆಯುವಾತನು, ಅದು ಹೊಲವುಳ್ಳವನಿಗೆ ಮಾತ್ರ ಒದಗಿತೇ, ಕೂಲಿಯ ತಾಯಿಯ ಕೊಡಕ್ಕೂ ದೊರೆಯಿತೇ ಎಂಬುದನ್ನೂ ಬರೆಯಬೇಕು.

ನೀರಾವರಿಗೆಂದು ಕಟ್ಟಿದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯು ಹಕ್ಕಿಗಳ ನೆಲೆಯಾಗಿ, 2024ರಲ್ಲಿ ಜಗತ್ತಿನ ಮಹತ್ತ್ವದ ಜೌಗುನೆಲೆಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಇದು ಹೆಮ್ಮೆಯ ಮಾತು. ಆದರೆ ನೆರೆಯೂರಿಗೆ ಬೇಕಾದುದು ಆ ಕೀರ್ತಿಯಲ್ಲ; ಕೆರೆಯನ್ನು ಉಳಿಸಿಕೊಳ್ಳುವ ಬಗೆ, ಕಾಯುವವರ ಶ್ರಮ, ಅವರು ಎಡವಿದ ಎಡೆ.

ಕಾಯಕದಿಂದ ಬಂದ ಧಾನ್ಯವನ್ನು ಹಂಚುವುದು ದಾಸೋಹವಾದರೆ, ಕಾಯಕದಿಂದ ಬಂದ ಅರಿವನ್ನು ಹಂಚುವುದೂ ದಾಸೋಹವೇ. ತನ್ನ ಸೋಲನ್ನು ಬಚ್ಚಿಟ್ಟವನು ಮುಂದಿನ ಊರಿನ ಪಾಲನ್ನೇ ಬಚ್ಚಿಟ್ಟಂತೆ. ಸದ್ಭಕ್ತರು ಇದನ್ನು ಮನಗಾಣಬೇಕು.