ಐವತ್ತೈದು ಯಾರವು?

ಕಾರಟಗಿಯ ಅಕ್ಕಿ ಗಿರಣಿಯಲ್ಲಿ ನಾನು ಲೆಕ್ಕ ಬರೆಯುವವನು. ಲಾರಿ ತಡವಾದರೆ ಹಮಾಲರ ನಡುವೆ ಒಂದೇ ಜಗಳ: ಕರ್ನಾಟಕದ ಕ್ರಿಕೆಟಿಗರಲ್ಲಿ ದೊಡ್ಡವನು ಕುಂಬ್ಳೆಯೋ ದ್ರಾವಿಡನೋ? ಒಬ್ಬ ಟೆಸ್ಟಿನ 619 ವಿಕೆಟ್ ಅನ್ನುತ್ತಾನೆ, ಇನ್ನೊಬ್ಬ 13,288 ರನ್. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬಂದು ಕುಂಬ್ಳೆ ಲಾರಾನನ್ನು ಔಟ್ ಮಾಡಿದ ಮಾತು ಬಂದರೆ ಎದುರು ಪಕ್ಷ ತುಸು ಹೊತ್ತು ಸುಮ್ಮನಾಗುತ್ತದೆ.

ನನ್ನನ್ನು ಕಾಡುವುದು ಬೇರೆ. ಟೆಸ್ಟಿನಲ್ಲಿ ಕುಂಬ್ಳೆಯ 55 ವಿಕೆಟ್ ದ್ರಾವಿಡ ಹಿಡಿದ ಕ್ಯಾಚು. ಅವು ಯಾರವು? ಪುಸ್ತಕ ಬೌಲರನ ವಿಕೆಟ್ ಎಂದು ಬರೆಯುತ್ತದೆ. ನಾನೂ ಬರೆಯುವವನೇ, ಹಾಗಾಗಿ ಪುಸ್ತಕವನ್ನು ಪೂರ್ತಿ ನಂಬುವುದಿಲ್ಲ. ಇಬ್ಬರು ಎತ್ತಿ ಕೊಡದೆ ಮೂರನೆಯವನ ಬೆನ್ನಿಗೆ ಚೀಲ ಏರುವುದಿಲ್ಲ. ಬಸವಣ್ಣನವರ ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಮಠದಲ್ಲಿ ತಲೆಯಾಡಿಸಿ ಬಂದವರೇ ಇಲ್ಲಿ ಒಬ್ಬನನ್ನು ಮೇಲೆ ಕೂರಿಸಲು ಕಿತ್ತಾಡುತ್ತೇವೆ. ನಾನೂ ಸೇರಿ.

"ಯಣ್ಣಾ, ನೀ ಹೇಳಲೇ ಇಲ್ಲ, ಯಾರು ದೊಡ್ಡಾಂವ?" ಎಂದ ಒಬ್ಬ ಹುಡುಗ.

"ಕುಂಬ್ಳೆ. ಆದ್ರ ಐವತ್ತೈದು ಕಳದು ಲೆಕ್ಕ ಹಿಡಿ."

564. ಆಗಲೂ ನನ್ನ ಓಟು ಅವನಿಗೇ.