ಸುಸ್ತಿಗೆ ಸಾಕ್ಷಿ ಯಾರು?

ಆರು ವರ್ಷದಿಂದ ನನಗೆ ರುಮಟಾಯ್ಡ್ ಆರ್ಥ್ರೈಟಿಸ್. ಭಾನುವಾರ ರಾತ್ರಿ ಮೆಥೊಟ್ರೆಕ್ಸೇಟ್, ಬೇರೆ ದಿನಗಳಲ್ಲಿ ಫೋಲಿಕ್ ಆಸಿಡ್, ಆಗಾಗ ಲಿವರ್ ಪರೀಕ್ಷೆ. ಬೆರಳಿನ ಊತ ಇಳಿದಿದೆ. ಈಗ ಚಾಕ್‌ಪೀಸ್ ಹಿಡಿಯಬಲ್ಲೆ, ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುಗಿಸಬಲ್ಲೆ. ಇಳಿಯದೆ ಉಳಿದದ್ದು ಸುಸ್ತು. ಹಿಮೋಗ್ಲೋಬಿನ್, ಥೈರಾಯ್ಡ್ ಎರಡೂ ಸರಿಯಿವೆ.

ದಣಿವು ಬೇರೆ, ಸುಸ್ತು ಬೇರೆ. ದಣಿವು ದುಡಿದು ಗಳಿಸಿದ್ದು. 'ದಣಿದೆ' ಎನ್ನುವಾಗ ದನಿಯಲ್ಲಿ ತುಸು ಹೆಮ್ಮೆಯೂ ಇರುತ್ತದೆ. ಸುಸ್ತು ಮಾತ್ರ ತಾನಾಗಿ 'ಆಗುವಂಥದ್ದು'. ಹಿಂದಿಯಲ್ಲಿ ಈ ಪದಕ್ಕೆ ಸೋಮಾರಿ ಎಂಬ ಅರ್ಥವೂ ಇದೆ. ಅನುಮಾನ ಪದದೊಳಗೇ ಕೂತಿದೆ ನೋಡಿ.

ಆಸ್ಪತ್ರೆಯಲ್ಲಿ ನನ್ನ ಕಾಯಿಲೆಗೆ ಒಂದು ಅಂಕ ಕೊಡುತ್ತಾರೆ: ಡಿಎಎಸ್-28. ವೈದ್ಯರು 28 ಗಂಟುಗಳನ್ನು ಒತ್ತಿ ನೋವು, ಊತ ಎಣಿಸುತ್ತಾರೆ, ರಕ್ತದ ಇಎಸ್ಆರ್ ಸೇರಿಸುತ್ತಾರೆ. ಜೊತೆಗೆ, ಒಟ್ಟಾರೆ ಹೇಗಿದ್ದೀರಿ ಎಂದು 0ಯಿಂದ 100ರ ಗೆರೆಯ ಮೇಲೆ ನಾನೇ ಒಂದು ಗುರುತು ಹಾಕಬೇಕು. 2.6ಕ್ಕಿಂತ ಕಡಿಮೆಯಾದರೆ ಕಾಯಿಲೆ ಅಡಗಿದೆ ಎಂದರ್ಥ. ನನ್ನದು 2.4. ಸುಸ್ತಿಗೆಂದೇ ಅಲ್ಲಿ ಮನೆಯಿಲ್ಲ. ಅದನ್ನೂ ಅಳೆಯಬೇಕೆಂದು ತಜ್ಞರ ಅಂತರರಾಷ್ಟ್ರೀಯ ಗುಂಪೊಂದು 2007ರಲ್ಲೇ ಶಿಫಾರಸು ಮಾಡಿತ್ತು.

ಸೂತ್ರ ತೆಗೆದು ಲೆಕ್ಕ ಹಾಕಿದೆ. ನೋವಿಲ್ಲದ ನಾಲ್ಕು ಗಂಟುಗಳನ್ನು ಒತ್ತಿದಾಗ 'ಹಾ' ಎಂದರೆ ಸಾಕು, 2.4 ಇದ್ದದ್ದು 3.5 ಆಗುತ್ತದೆ. ಔಷಧಿ ಬದಲಿಸುವ ಮಾತು ತಾನಾಗಿ ಬರುತ್ತದೆ. ನಾಲ್ಕು ಸಲ 'ಹಾ'!

ಇದು ತಪ್ಪೇ? ಅಳತೆಗೋಲೇ ನನಗೆ ಅನ್ಯಾಯ ಮಾಡುತ್ತಿದ್ದರೆ ಅದನ್ನು ತುಸು ಬಗ್ಗಿಸಿಕೊಳ್ಳುವುದು ಸುಳ್ಳೋ, ತಿದ್ದುಪಡಿಯೋ? ಒಂದು ವಾರ ನನ್ನ ಪರವಾಗಿಯೇ ವಾದಿಸಿಕೊಂಡೆ. ವಾದ ಮುರಿದದ್ದು ಧರ್ಮಕ್ಕಿಂತ ಹೆಚ್ಚಾಗಿ ಮುಂದಿನ ಭೇಟಿಯನ್ನು ಊಹಿಸಿಕೊಂಡಾಗ. ಹೊಸ ಔಷಧಿ ಫಲಿಸಿತೇ ಎಂದು ಅವರು ಆ ನಾಲ್ಕು ಗಂಟುಗಳನ್ನೇ ಕೇಳುತ್ತಾರೆ. ಆಗ ಇಲ್ಲದ ನೋವು ವಾಸಿಯಾಯಿತು ಎನ್ನಲೇ, ಇನ್ನೂ ಇದೆ ಎನ್ನಲೇ? ಪಕ್ಕದ ಕುರ್ಚಿಯ ರೋಗಿಗೆ ಬರೆದಿದ್ದ ಜೆಎಕೆ ಮಾತ್ರೆ ನನ್ನ ಮನಸ್ಸಿನಲ್ಲಿತ್ತು. ಹೃದಯಾಘಾತ, ರಕ್ತ ಹೆಪ್ಪುಗಟ್ಟುವಿಕೆ, ಕ್ಯಾನ್ಸರ್ ಅಪಾಯದ ಬಗ್ಗೆ ಅಮೆರಿಕದ ಎಫ್‌ಡಿಎ 2021ರಲ್ಲಿ ಎಚ್ಚರಿಸಿದ ಗುಂಪಿನದು. ಅಂಥ ಅಪಾಯಕ್ಕೆ ಒಪ್ಪುವಾಗ ತಕ್ಕಡಿಯ ಒಂದು ತಟ್ಟೆಯಲ್ಲಾದರೂ ನಿಜ ಇರಬೇಡವೇ?

ಆಮೇಲೆ ಹಳೆಯ ಫೈಲು ನೋಡಿದೆ. ಹೋದ ಸಲ ಗೆರೆಯ ಮೇಲೆ ನಾನು ಹಾಕಿದ್ದ ಗುರುತು 25. ಅಂದು ಸಂಜೆ ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತು ಏಳಲಾಗದೆ ಎರಡು ಬಸ್ ಬಿಟ್ಟಿದ್ದೆ. 25 ಯಾಕೆ? ವೈದ್ಯರು ನನ್ನ ಬೆರಳುಗಳನ್ನು ನೋಡಿ ಅಷ್ಟು ಖುಷಿಯಾಗಿದ್ದರು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಮನೆಯಲ್ಲೂ 'ಈಗ ಆರಾಮಲ್ವಾ' ಎಂದು ಕೇಳುವವರಿಗೆ ಹೂಂ ಎನ್ನುವುದೇ ರೂಢಿ. ಹೇಳಬಾರದ ಸುಳ್ಳಿನ ಬಗ್ಗೆ ವಾರವಿಡೀ ತಲೆ ಕೆಡಿಸಿಕೊಂಡವಳು ಆಗಲೇ ಹೇಳಿಬಿಟ್ಟಿದ್ದ ಸುಳ್ಳನ್ನು ಸೌಜನ್ಯ ಎಂದುಕೊಂಡಿದ್ದೆ.

ಈ ಸಲ 28 ಗಂಟುಗಳಿಗೂ 'ಇಲ್ಲ' ಎಂದೆ. ಗೆರೆಯ ಮೇಲೆ 65ಕ್ಕೆ ಗುರುತು ಹಾಕಿದೆ. ಅಂಕ 2.9 ಆಯಿತು. ವೈದ್ಯರು ಪೆನ್ನು ಕೆಳಗಿಟ್ಟು, "ಗಂಟು ನೋವಿಲ್ಲ, ಹಾಗಾದರೆ ಇದೇನು?" ಎಂದರು. ಹೇಳಿದೆ, ನಾಲ್ಕು 'ಹಾ'ಗಳ ಕಥೆಯನ್ನೂ ಹೇಳಿದೆ. ನಕ್ಕರು. ಔಷಧಿ ಬದಲಿಸಲಿಲ್ಲ. ಸುಸ್ತು ಕಾಯಿಲೆಯದೋ, ನಿದ್ದೆಯದೋ, ಭಾನುವಾರದ ಮಾತ್ರೆಯದೇ ಇರಬಹುದೋ, ಆರು ವಾರ ದಿನವೂ ಬರೆದು ತನ್ನಿ, ಆಮೇಲೆ ಇಬ್ಬರೂ ಕೂತು ನಿರ್ಧರಿಸೋಣ ಎಂದರು.

ಡೈರಿಯಲ್ಲಿ ಮೊದಲ ಸೋಮವಾರದ ಪುಟ ಖಾಲಿಯಿದೆ. ಅದು ಯಾಕೆ ಖಾಲಿ ಎಂದು ಬುಧವಾರ ಬರೆದೆ.